ಮೈ ಮುಂದೆ, ಭಾರ ಹಿಂದೆ

ಸೊಲ್ಲಾಪುರದ ಸಿದ್ಧೇಶ್ವರ ಜಾತ್ರೆ ಪ್ರತಿವರ್ಷ ಜನವರಿಯಲ್ಲಿ, ಸಂಕ್ರಾಂತಿಯ ಹೊತ್ತಿಗೆ ನಡೆಯುತ್ತದೆ. ಊರಿನ ಹೆಸರು ಸೊನ್ನಲಿಗೆ ಎಂದಿದ್ದ 12ನೇ ಶತಮಾನದಲ್ಲಿ ಇಲ್ಲಿ ಕೆರೆ ಕಟ್ಟಿಸಿ, ಊರ ಸುತ್ತ 68 ಲಿಂಗಗಳನ್ನು ಸ್ಥಾಪಿಸಿದನೆಂದು ಭಕ್ತರು ನಂಬುವ ಶಿವಯೋಗಿ ಸಿದ್ಧರಾಮನ ಹೆಸರಿನಲ್ಲಿ 7 ನಂದಿಧ್ವಜಗಳು ಮೆರವಣಿಗೆ ಹೊರಡುತ್ತವೆ. ಬಿಳಿಯ ಬಾರಾಬಂದಿ ತೊಟ್ಟ ಭಕ್ತರು ಆಳೆತ್ತರವನ್ನು ಎಷ್ಟೋ ಪಟ್ಟು ಮೀರಿದ, ಅಲಂಕಾರ ಹೊತ್ತ ಆ ಕೋಲುಗಳನ್ನು ನೆಟ್ಟಗೆ ಹಿಡಿದು ಊರು ಸುತ್ತುತ್ತಾರೆ. ಜಾತ್ರೆಯ ದಿನ ಬಂದು ಕೈ ಹಾಕಿದವರಿಗೆಲ್ಲ ಈ ಸೇವೆ ಒಗ್ಗುವುದಿಲ್ಲ; ಅದಕ್ಕೆ ಬಹಳ ಮೊದಲೇ ಅಭ್ಯಾಸ ಶುರುವಾಗುತ್ತದೆ. ಶರೀರವಿಜ್ಞಾನದ ಕಣ್ಣಿನಿಂದ ನೋಡಿದರೆ ಇಲ್ಲೊಂದು ಒಳ್ಳೆಯ ಪ್ರಶ್ನೆಯಿದೆ. ಹೊಸಬನೆಂದು ಧ್ವಜ ಹಗುರಾಗುವುದಿಲ್ಲ, ಪಳಗಿದವನೆಂದು ತೂಕ ಏರುವುದೂ ಇಲ್ಲ. ಬಲ ಬೆಳೆಯಬೇಕಾದರೆ ವಾರವಾರವೂ ಭಾರ ಏರಿಸುತ್ತ ಹೋಗಬೇಕು ಎಂಬುದು ಇಂದು ಸೊಲ್ಲಾಪುರದ ಜಿಮ್ಮಿನಲ್ಲೂ ಅಕ್ಕಲಕೋಟೆಯ ಜಿಮ್ಮಿನಲ್ಲೂ ಹುಡುಗರ ಬಾಯಲ್ಲಿರುವ ನಿಯಮ. ತೂಕವೇ ಬದಲಾಗದ ಕೋಲಿನೆದುರು ಈ ನಿಯಮ ನಿಂತುಬಿಡುತ್ತದೆ. ಆದರೂ ಮೈ ತಯಾರಾಗುತ್ತದೆ. ಅಂದಮೇಲೆ ನಿಯಮವನ್ನೇ ಸರಿಯಾಗಿ ಹೇಳಿಕೊಳ್ಳಬೇಕು. ಈ ಅಧ್ಯಾಯದ ವಾದ ಇಷ್ಟು: ದೇಹ ಇವತ್ತು ಸುಲಭವಾಗಿ ಮಾಡಬಲ್ಲದ್ದಕ್ಕಿಂತ ಸ್ವಲ್ಪ ಹೆಚ್ಚನ್ನು ಅದರಿಂದ ಕೇಳಿದಾಗ ಬಲ ಬೆಳೆಯುತ್ತದೆ. ಹಾಗೆ ಕೇಳುವ ಹಲವು ದಾರಿಗಳಲ್ಲಿ ತೂಕ ಒಂದು ಮಾತ್ರ. ಯಾವಾಗ ಹೆಚ್ಚಿಸಬೇಕೆಂಬುದನ್ನು ಗೋಡೆಯ ಕ್ಯಾಲೆಂಡರು ಹೇಳಲಾರದು, ಮೈಯೇ ಹೇಳಬೇಕು.

ತೂಕ ಬೇರೆ, ಮೈಮೇಲೆ ಬೀಳುವ ಹೊರೆ ಬೇರೆ ಎಂಬುದನ್ನು ಉದ್ದ ಕೋಲು ಸಲೀಸಾಗಿ ತೋರಿಸಿಕೊಡುತ್ತದೆ. ಲೆಕ್ಕಕ್ಕಾಗಿ 9 ಮೀಟರ್ ಉದ್ದದ, 30 ಕಿಲೊ ತೂಕದ, ಬುಡದಿಂದ ತುದಿಯವರೆಗೆ ಒಂದೇ ದಪ್ಪದ ಕೋಲೊಂದನ್ನು ಇಟ್ಟುಕೊಳ್ಳೋಣ. ಅದರ ಬುಡ ಹಿಡಿದವನ ನಡುವಿನ ಹತ್ತಿರ ಆತಿದೆ, ಕೈಗಳು ಬುಡದಿಂದ ಅರ್ಧ ಮೀಟರ್ ಮೇಲಿವೆ. ಕೋಲು ನೆಟ್ಟಗಿರುವಷ್ಟು ಹೊತ್ತು 30 ಕಿಲೊ ನೇರವಾಗಿ ಕೆಳಗಿಳಿಯುತ್ತದೆ. ಕೈಗೆ ಹೆಚ್ಚು ಕೆಲಸವಿಲ್ಲ. ಕೋಲು 2 ಡಿಗ್ರಿ ವಾಲಿತೆನ್ನಿ, ಅದನ್ನು ತಡೆಯಲು ಕೈಗಳು ಸುಮಾರು 9 ಕಿಲೊ ತೂಕಕ್ಕೆ ಸಮನಾದ ಬಲದಿಂದ ಅಡ್ಡ ಎಳೆಯಬೇಕು. 5 ಡಿಗ್ರಿ ವಾಲಿದರೆ ಅದು ಸುಮಾರು 24 ಕಿಲೊ, 10 ಡಿಗ್ರಿಗೆ ಸುಮಾರು 47 ಕಿಲೊ. ಗಾಳಿ ಬೀಸಿದರೆ, ಹೆಜ್ಜೆ ತಪ್ಪಿದರೆ ಇನ್ನೂ ಹೆಚ್ಚು. ಕೋಲಿನ ತೂಕ ಒಂದು ಗುಂಜಿಯೂ ಏರಿಲ್ಲ, ತೋಳು, ಬೆನ್ನು, ಸೊಂಟದ ಮೇಲಿನ ಹೊರೆ ಮಾತ್ರ ಐದು ಪಟ್ಟಾಗಿದೆ. ಇದರಿಂದ ಇನ್ನೊಂದು ವಿಷಯ ಹೊರಡುತ್ತದೆ. ಹೊಸಬನ ಕೈಯಲ್ಲಿ ಕೋಲು ಹೆಚ್ಚು ಓಲಾಡುತ್ತದೆ, ಹಾಗಾಗಿ ಪಳಗಿದವನಿಗಿಂತ ಅವನೇ ಹೆಚ್ಚು ಹೊರುತ್ತಾನೆ. ಪಳಗಿದಂತೆ ಓಲಾಟ ಕಡಿಮೆಯಾಗಿ ಹೊರೆ ತಾನಾಗಿ ಇಳಿಯುತ್ತದೆ. ಅಲ್ಲಿಗೇ ನಿಂತರೆ ಬಲವೂ ನಿಂತುಹೋಗುತ್ತದೆ. ಮುಂದೆ ಸಾಗಬೇಕಾದರೆ ಹೊತ್ತು ಹೆಚ್ಚಬೇಕು, ನಡೆಯುವ ದೂರ ಹೆಚ್ಚಬೇಕು, ನಡುವಿನ ವಿಶ್ರಾಂತಿ ಕಡಿಮೆಯಾಗಬೇಕು. ಬದಲಾಗದ ಭಾರವನ್ನಿಟ್ಟುಕೊಂಡು ಹೊರೆ ಹೆಚ್ಚಿಸುವ ಬಗೆ ಇದು. ಕೌಶಲ ಬೆಳೆದಂತೆಲ್ಲ ಹೊರೆ ಅದನ್ನು ಹಿಂಬಾಲಿಸಬೇಕು ಎಂಬ ಅಂಶವನ್ನು ಜಿಮ್ಮಿನ ಪಾಠಗಳು ಸಾಮಾನ್ಯವಾಗಿ ಬಿಟ್ಟುಬಿಡುತ್ತವೆ.

ಹೊರೆ ಹೆಚ್ಚಾದಾಗ ಮೈಯೊಳಗೆ ಏನಾಗುತ್ತದೆ? ಒಂದೊಂದು ಸ್ನಾಯುವನ್ನೂ ಬೆನ್ನುಹುರಿಯಿಂದ ಹೊರಟ ನೂರಾರು ಚಾಲಕ ನರಕೋಶಗಳು ಆಳುತ್ತವೆ; ಪ್ರತಿಯೊಂದರ ಕೈಕೆಳಗೆ ಒಂದಷ್ಟು ಸ್ನಾಯುತಂತುಗಳಿರುತ್ತವೆ. ಅಮೆರಿಕದ ಎಲ್ವುಡ್ ಹೆನ್ನೆಮನ್ 1950 ಮತ್ತು 60ರ ದಶಕಗಳಲ್ಲಿ ತೋರಿಸಿದಂತೆ, ಕೆಲಸಕ್ಕೆ ಮೊದಲು ಬರುವುದು ಚಿಕ್ಕ ನರಕೋಶಗಳು. ಬೇಕಾದ ಬಲ ಹೆಚ್ಚಿದಂತೆ, ಅಥವಾ ಮೊದಲು ಬಂದವು ದಣಿದಂತೆ, ದೊಡ್ಡವು ಸರದಿಗೆ ಬರುತ್ತವೆ. ಹೆಚ್ಚು ಬಲ ಕೊಡುವ, ಹೆಚ್ಚು ದಪ್ಪವಾಗಬಲ್ಲ ತಂತುಗಳು ಈ ದೊಡ್ಡ ನರಕೋಶಗಳ ಅಧೀನದಲ್ಲಿವೆ. ಹಗುರ ಕೆಲಸವನ್ನು ಹಗುರವಾಗಿ ಮಾಡಿ ಮುಗಿಸಿದರೆ ಅವುಗಳಿಗೆ ಕರೆಯೇ ಹೋಗುವುದಿಲ್ಲ. ಕರೆ ಹೋದಾಗ, ಬಿಗಿತಕ್ಕೆ ಸಿಕ್ಕ ತಂತುಗಳು ಆ ಸೆಳೆತವನ್ನು ರಾಸಾಯನಿಕ ಸಂಕೇತವಾಗಿ ಬದಲಾಯಿಸಿ ಹೊಸ ಪ್ರೋಟೀನಿನ ತಯಾರಿಕೆಯನ್ನು ಹೆಚ್ಚಿಸುತ್ತವೆ. ತಿಂಗಳುಗಟ್ಟಲೆ ಹೀಗೆ ನಡೆದಾಗ ಸ್ನಾಯು ದಪ್ಪವಾಗುತ್ತದೆ. ಆದರೆ ಬಲ ಅದಕ್ಕೂ ಮೊದಲೇ ಏರುತ್ತದೆ. ಮೊರಿತಾನಿ ಮತ್ತು ಡಿವ್ರೀಸ್ 1979ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ ಆರಂಭದ ಕೆಲವು ವಾರಗಳ ಹೆಚ್ಚಳಕ್ಕೆ ಮುಖ್ಯ ಕಾರಣ ನರಗಳು. ಇರುವ ಸ್ನಾಯುವನ್ನೇ ಹೆಚ್ಚು ಪೂರ್ತಿಯಾಗಿ, ಹೆಚ್ಚು ಒಟ್ಟಾಗಿ ದುಡಿಸಲು ಅವು ಕಲಿಯುತ್ತವೆ. ಸ್ನಾಯುವಿನ ಗಾತ್ರದ ಪಾಲು ಆಮೇಲೆ ಹೆಚ್ಚುತ್ತದೆ. ಜಿಮ್ಮಿಗೆ ಸೇರಿದ ಮೊದಲ ತಿಂಗಳಲ್ಲಿ ಎತ್ತುವ ಭಾರ ದಡದಡನೆ ಏರಿ, ಕನ್ನಡಿಯಲ್ಲಿ ಮಾತ್ರ ಏನೂ ಕಾಣದೆ ಬೇಸರಪಡುವ ಹುಡುಗನಿಗೆ ಇದನ್ನು ಯಾರಾದರೂ ತಿಳಿಸಿ ಹೇಳಬೇಕು.

ಅದೇ ತಿಂಗಳಲ್ಲಿ ಕಾದಿರುವ ಅಪಾಯವೂ ಇಲ್ಲಿಂದಲೇ ಹುಟ್ಟುತ್ತದೆ. ನರ ಬೇಗ ಕಲಿಯುತ್ತದೆ, ಸ್ನಾಯು ನಿಧಾನವಾಗಿ ಬೆಳೆಯುತ್ತದೆ, ಸ್ನಾಯುವನ್ನು ಎಲುಬಿಗೆ ಬಿಗಿದಿರುವ ಸ್ನಾಯುರಜ್ಜು ಇನ್ನೂ ನಿಧಾನ. 1950 ಮತ್ತು 60ರ ದಶಕಗಳ ಅಣುಬಾಂಬ್ ಪರೀಕ್ಷೆಗಳಿಂದ ವಾತಾವರಣದಲ್ಲಿ ಇಂಗಾಲ-14ರ ಪ್ರಮಾಣ ಒಮ್ಮೆಲೇ ಏರಿ, ಆಮೇಲೆ ಇಳಿಯಿತು. ಆ ಗುರುತನ್ನು ಹಿಡಿದು ಡೆನ್ಮಾರ್ಕಿನ ಸಂಶೋಧಕರು ಮನುಷ್ಯರ ಹಿಮ್ಮಡಿಯ ರಜ್ಜುವಿನ ವಯಸ್ಸನ್ನು ಲೆಕ್ಕಹಾಕಿ 2013ರಲ್ಲಿ ಪ್ರಕಟಿಸಿದರು. ರಜ್ಜುವಿನ ತಿರುಳು ಸುಮಾರು 17ನೇ ವಯಸ್ಸಿನೊಳಗೆ ರೂಪುಗೊಂಡು, ಆಮೇಲೆ ಬಹುಪಾಲು ಹಾಗೆಯೇ ಉಳಿದಿರುತ್ತದೆ ಎಂಬುದು ಅವರ ತೀರ್ಮಾನ. ವ್ಯಾಯಾಮದಿಂದ ರಜ್ಜು ಸ್ವಲ್ಪ ಬಿರುಸಾಗುತ್ತದೆ ನಿಜ, ಸ್ನಾಯುವಿನ ವೇಗಕ್ಕೆ ಮಾತ್ರ ಅದು ಬಾರದು. ನರ ತಯಾರಾಗಿದೆ, ಸ್ನಾಯುವೂ ಒಪ್ಪುತ್ತಿದೆ ಎಂದು ಭಾರ ಏರಿಸುತ್ತಲೇ ಹೋದವರ ಭುಜ, ಮೊಣಕೈ, ಮೊಣಕಾಲು ಎರಡು ಮೂರು ತಿಂಗಳಿಗೆ ನೋಯತೊಡಗುವುದು ಇದಕ್ಕೇ. ಮೈ ಹೇಳಬೇಕು ಎಂದಾಗ ನರ, ಸ್ನಾಯು, ರಜ್ಜು ಮೂರೂ ಹೇಳಬೇಕು ಎಂದರ್ಥ. ಕೊನೆಗೆ ಬರುವುದು ಯಾವುದೋ ಅದರ ಮಾತೇ ನಡೆಯಬೇಕು.

ಹೊರೆಯನ್ನು ಅಳತೆಯಿಟ್ಟು ಏರಿಸುವ ಪದ್ಧತಿಗೆ ವೈದ್ಯಕೀಯದಲ್ಲಿ ಸ್ಥಾನ ಸಿಕ್ಕಿದ್ದು ಎರಡನೇ ಮಹಾಯುದ್ಧದ ಗಾಯಾಳುಗಳಿಂದ. ಅಮೆರಿಕದ ಸೇನಾ ವೈದ್ಯ ಥಾಮಸ್ ಡಿಲಾರ್ಮ್, ಶಿಕಾಗೋದ ಸೇನಾ ಆಸ್ಪತ್ರೆಯಲ್ಲಿ ಮೊಣಕಾಲು ಕೆಟ್ಟು ತೊಡೆ ಸೊರಗಿದ ಸೈನಿಕರಿಗೆ ಆಗಿನ ವಾಡಿಕೆಯ ಹಗುರ ವ್ಯಾಯಾಮ ಬಿಡಿಸಿ ಭಾರವಾದ ವ್ಯಾಯಾಮ ಕೊಟ್ಟು ನೋಡಿದರು. ಫಲವನ್ನು 1945ರಲ್ಲಿ ಪ್ರಕಟಿಸಿದರು. ಸಹೋದ್ಯೋಗಿ ವಾಟ್ಕಿನ್ಸ್ ಜೊತೆ 1948ರಲ್ಲಿ ಅವರು ಕೊಟ್ಟ ಕ್ರಮ ಹೀಗಿದೆ: ರೋಗಿ ಸರಿಯಾಗಿ 10 ಸಲ ಎತ್ತಬಲ್ಲ, 11ನೇ ಸಲ ಎತ್ತಲಾರದ ಭಾರವನ್ನು ಕಂಡುಹಿಡಿಯಬೇಕು. ಅದರ ಅರ್ಧ ಭಾರಕ್ಕೆ ಒಂದು ಸೆಟ್, ಮುಕ್ಕಾಲಿಗೆ ಒಂದು ಸೆಟ್, ಪೂರ್ತಿ ಭಾರಕ್ಕೆ ಒಂದು ಸೆಟ್. ಇಲ್ಲಿ ಗಮನಿಸಬೇಕಾದದ್ದು ಅಳತೆಗೋಲು. ಇಂಥ ವಾರಕ್ಕೆ ಇಷ್ಟು ಕಿಲೊ ಎಂದು ಡಿಲಾರ್ಮ್ ಮೊದಲೇ ಬರೆದಿಡಲಿಲ್ಲ. ರೋಗಿ ಎಷ್ಟು ಎತ್ತಬಲ್ಲ ಎಂದು ಮತ್ತೆ ಮತ್ತೆ ಪರೀಕ್ಷಿಸಿ, ಸಿಕ್ಕ ಉತ್ತರದಿಂದ ಮುಂದಿನ ಭಾರವನ್ನು ನಿಶ್ಚಯಿಸಿದರು. ಮೊದಲು ಮೈ ಮುಂದೆ ಹೋಯಿತು, ಅದರ ಹಿಂದೆ ಭಾರ ಹೋಯಿತು. ನಂತರ ಬಂದ ಜನಪ್ರಿಯ ವ್ಯಾಯಾಮ ಪುಸ್ತಕಗಳಲ್ಲಿ ಈ ಕ್ರಮ ತಲೆಕೆಳಗಾದದ್ದು ದೊಡ್ಡ ನಷ್ಟ.

ತಲೆಕೆಳಗಾದ ನಿಯಮಕ್ಕೆ ಒಂದು ಪ್ರಾಚೀನ ಕಥೆಯ ಬೆಂಬಲವೂ ಇದೆ. ಕ್ರಿಸ್ತಪೂರ್ವ 6ನೇ ಶತಮಾನದ ಗ್ರೀಕ್ ಪೈಲ್ವಾನ ಕ್ರೋಟನ್ನಿನ ಮೈಲೊ ಒಂದು ಕರುವನ್ನು ದಿನಾ ಹೊತ್ತು, ಅದು ಗೂಳಿಯಾದಾಗಲೂ ಹೊತ್ತನಂತೆ. ವ್ಯಾಯಾಮದ ಪುಸ್ತಕಗಳು ಇದನ್ನು ತಪ್ಪದೆ ಹೇಳುತ್ತವೆ. ಕಥೆ ಚೆನ್ನಾಗಿದೆ, ಲೆಕ್ಕ ಮಾತ್ರ ಕೂಡುವುದಿಲ್ಲ. 40 ಕಿಲೊದಿಂದ ಆರಂಭಿಸಿ ವಾರಕ್ಕೆ ಬರೀ 1 ಕಿಲೊದಂತೆ ಏರಿಸುತ್ತ ಹೋದ ಯಾವನಾದರೂ ಒಂಬತ್ತು ವರ್ಷ ತುಂಬುವ ಮೊದಲೇ 500 ಕಿಲೊ ಮುಟ್ಟಬೇಕು. ಅಷ್ಟು ಭಾರವನ್ನು ನೆಲದಿಂದ ಮೊದಲು ಎತ್ತಿದ್ದು ಬ್ರಿಟನ್ನಿನ ಎಡ್ಡಿ ಹಾಲ್, 2016ರಲ್ಲಿ. ಅದು ಇಡೀ ಜಗತ್ತು ಬೆರಗಾಗಿ ನೋಡಿದ ಸಂಗತಿ. ಬಲದ ಬೆಳವಣಿಗೆ ಮೊದಲು ಕಡಿದಾಗಿ ಏರಿ, ಆಮೇಲೆ ಮಲಗುತ್ತ ಹೋಗುವ ಗೆರೆ. ಹೊಸಬನಿಗೆ ವಾರಕ್ಕೊಮ್ಮೆ ಹೆಚ್ಚಿಸಲು ಸಾಧ್ಯವಾದರೆ, ಐದು ವರ್ಷ ಪಳಗಿದವನಿಗೆ ಆರು ತಿಂಗಳಿಗೆ ಎರಡೂವರೆ ಕಿಲೊ ಏರಿದರೂ ಅದು ನಿಜವಾದ ಪ್ರಗತಿ. ಕ್ಯಾಲೆಂಡರಿನ ನಿಯಮ ಇಬ್ಬರಿಗೂ ಒಂದೇ ಮಾತು ಹೇಳುತ್ತದೆ. ಹೊಸಬನಿಗೆ ಅದು ಕೆಲವು ತಿಂಗಳು ಸರಿಹೊಂದುತ್ತದೆ, ಅದಕ್ಕೇ ನಂಬಿಕೆ ಹುಟ್ಟುತ್ತದೆ. ಆಮೇಲೆ ಅದೇ ನಿಯಮ ಅವನ ಬೆನ್ನು ಮುರಿಯುತ್ತದೆ.

ಹಾಗಾದರೆ ಎಷ್ಟು ಏರಿಸಬೇಕು, ಯಾವಾಗ? ಅಮೆರಿಕದ ಕ್ರೀಡಾ ವೈದ್ಯಕೀಯ ಕಾಲೇಜು 2009ರ ತನ್ನ ನಿಲುವಿನಲ್ಲಿ ಹೇಳಿದ ಸೂತ್ರ ಸರಳವಾಗಿದೆ: ಗುರಿ ಇಟ್ಟುಕೊಂಡ ಸಂಖ್ಯೆಗಿಂತ ಒಂದೆರಡು ಸಲ ಹೆಚ್ಚಾಗಿ, ಸತತ ಎರಡು ಸಲದ ಅಭ್ಯಾಸದಲ್ಲಿ ಎತ್ತಲು ಬಂದರೆ ಭಾರವನ್ನು ಶೇಕಡಾ 2ರಿಂದ 10ರಷ್ಟು ಹೆಚ್ಚಿಸಿ. ಇಲ್ಲೂ ಮೊದಲ ಮಾತು ಮೈಯದ್ದೇ. ತೊಡಕು ಬರುವುದು ಸಾಮಾನಿನಲ್ಲಿ. ಸಣ್ಣ ಊರಿನ ಎಷ್ಟೋ ಜಿಮ್ಮುಗಳಲ್ಲಿ ಬಾರ್‌ಗೆ ಹಾಕುವ ಅತಿ ಚಿಕ್ಕ ಪ್ಲೇಟು ಎರಡೂವರೆ ಕಿಲೊದ್ದು. ಎರಡು ಬದಿಗೆ ಹಾಕಿದರೆ 5 ಕಿಲೊ. 100 ಕಿಲೊ ಎತ್ತುವವನಿಗೆ ಅದು ಶೇಕಡಾ 5ರ ಹೆಚ್ಚಳ, ಸರಿ. ಬರಿಯ 20 ಕಿಲೊ ಬಾರನ್ನು ತಲೆಯ ಮೇಲೆ ಎತ್ತಲು ಈಗಷ್ಟೇ ಕಲಿತ ಹುಡುಗಿಗೆ ಅದೇ 5 ಕಿಲೊ ಶೇಕಡಾ 25ರ ಹೆಚ್ಚಳ. ಅವಳು ಎತ್ತಲಾರದೆ ಹೋದರೆ ದೋಷ ಅವಳ ತೋಳಿನದಲ್ಲ. ಹಳೆಯ ಗರಡಿಗಳಲ್ಲೂ ಇದೇ ಸಮಸ್ಯೆ ಇತ್ತು. ಸಂಗ್ರಾಣಿ ಕಲ್ಲು, ಗುಂಡು ಕಲ್ಲು, ಮುದ್ಗರ, ಗದೆ ಇವೆಲ್ಲ ಕಡೆದಿಟ್ಟ ತೂಕಗಳು; ಒಂದು ಕಲ್ಲಿನಿಂದ ಮುಂದಿನ ಕಲ್ಲಿಗೆ ದೊಡ್ಡ ಜಿಗಿತ. ಹಾಗಾಗಿ ಗರಡಿಯಲ್ಲಿ ಪ್ರಗತಿಯ ಲೆಕ್ಕವನ್ನು ತೂಕದ ಬದಲು ಎಣಿಕೆಯಲ್ಲಿ ಇಡಬೇಕಾಗುತ್ತದೆ: ಮುದ್ಗರ ಹತ್ತು ಸಲ ತಿರುಗಿಸುವವನು ಹನ್ನೆರಡು ಸಲ, ಹದಿನೈದು ಸಲ ತಿರುಗಿಸಿ, ಆಮೇಲೆ ದೊಡ್ಡದಕ್ಕೆ ಕೈ ಹಾಕಬೇಕು. ಇಂದಿನ ತರಬೇತುದಾರರು ಎರಡು ಹಂತದ ಪ್ರಗತಿ ಎಂದು ಕಲಿಸುವುದು ಇದನ್ನೇ: 8 ಸಲದಿಂದ 12 ಸಲದವರೆಗೆ ಎಣಿಕೆ ಏರಿಸು, ಆಮೇಲೆ ಭಾರ ಏರಿಸಿ ಮತ್ತೆ 8ಕ್ಕೆ ಇಳಿ. 2022ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ, ಮೊದಲೇ ಪಳಗಿದ್ದವರನ್ನು ಎರಡು ಗುಂಪು ಮಾಡಿ 8 ವಾರ ಒಂದು ಗುಂಪಿಗೆ ಭಾರವನ್ನೂ ಇನ್ನೊಂದು ಗುಂಪಿಗೆ ಎಣಿಕೆಯನ್ನೂ ಏರಿಸಿದರು. ಸ್ನಾಯುವಿನ ಬೆಳವಣಿಗೆ ಎರಡರಲ್ಲೂ ಹೆಚ್ಚುಕಡಿಮೆ ಒಂದೇ. ತೂಕದ ಲೆಕ್ಕ ಬೇಕೇ ಬೇಕೆನ್ನುವವರಿಗೆ ಹಳ್ಳಿಯಲ್ಲಿ ಸಿಗುವ ಅತ್ಯಂತ ನಿಖರ ಸಾಧನ ನೀರಿನ ಕ್ಯಾನು. ಒಂದು ಲೀಟರ್ ನೀರು ಒಂದು ಕಿಲೊ. ಅರ್ಧ ಲೀಟರಿನಂತೆ ಏರಿಸಬಹುದು. ಪ್ಲೇಟುಗಳಿಂದ ಇಷ್ಟು ನಯವಾದ ಏರಿಕೆ ಸಿಗುವುದಿಲ್ಲ.

ಇಲ್ಲಿ ತಾಲೀಮಿನ, ಅಂದರೆ ಕುಸ್ತಿ ಗರಡಿಯ, ಹಿರಿಯರು ಎತ್ತಬಹುದಾದ ಆಕ್ಷೇಪ ಬಲವಾದದ್ದು. ಸೊಲ್ಲಾಪುರ ತಾಲೀಮುಗಳ ಊರು. ಪಾಣಿವೇಸ್ ತಾಲೀಮು, ಪತ್ರಾ ತಾಲೀಮು, ಥೋರಲಾ ಮಂಗಳವೇಢಾ ತಾಲೀಮು ಎಂಬ ಹೆಸರುಗಳು ಇಂದಿಗೂ ಓಣಿಗಳ ಗುರುತಾಗಿ ಉಳಿದಿವೆ. ಅಕ್ಕಲಕೋಟೆ ತಾಲೂಕಿನ ಊರುಗಳ ಜಾತ್ರೆಗಳಲ್ಲಿ ಕನ್ನಡ, ಮರಾಠಿ ಎರಡೂ ಮಾತಿನ ಪೈಲ್ವಾನರು ಒಂದೇ ಅಖಾಡದಲ್ಲಿ ಕುಸ್ತಿ ಹಿಡಿಯುತ್ತಾರೆ. ಅಲ್ಲಿ ಬಾರೂ ಇಲ್ಲ, ಪ್ಲೇಟೂ ಇಲ್ಲ. ದಂಡ, ಬೈಠಕ್, ಜೋರ್ ಎಂಬ ಅಭ್ಯಾಸದ ಕುಸ್ತಿ, ಅಷ್ಟೇ. ಸಾವಿರಗಟ್ಟಲೆ ಬೈಠಕ್ ಹೊಡೆದು ಬೆಳೆದ ಪೈಲ್ವಾನರಿಗೆ ಈ ಶೇಕಡಾವಾರು ಲೆಕ್ಕ ಯಾಕೆ? ಉತ್ತರ ಎರಡು ಭಾಗದಲ್ಲಿದೆ. ಹಗುರ ಹೊರೆಯಿಂದಲೂ ಸ್ನಾಯು ಬೆಳೆಯುತ್ತದೆ ಎಂಬುದನ್ನು ವಿಜ್ಞಾನ ಒಪ್ಪುತ್ತದೆ. ಕೆನಡಾದ ಮೆಕ್‌ಮಾಸ್ಟರ್ ವಿಶ್ವವಿದ್ಯಾಲಯದವರು 2012ರಲ್ಲಿ, ಒಮ್ಮೆ ಮಾತ್ರ ಎತ್ತಬಲ್ಲ ಗರಿಷ್ಠ ಭಾರದ ಶೇಕಡಾ 30ರಷ್ಟನ್ನು ಇನ್ನು ಸಾಧ್ಯವಿಲ್ಲ ಎನ್ನುವವರೆಗೆ ಎತ್ತಿದ ಕಾಲಿನ ಸ್ನಾಯುವೂ ಶೇಕಡಾ 80ರಷ್ಟನ್ನು ಎತ್ತಿದ ಕಾಲಿನ ಸ್ನಾಯುವೂ ಸರಿಸುಮಾರು ಸಮನಾಗಿ ಬೆಳೆದುದನ್ನು ಕಂಡರು. ದಣಿದಾಗ ದೊಡ್ಡ ನರಕೋಶಗಳಿಗೂ ಕರೆ ಹೋಗುತ್ತದೆ ಎಂಬ ಹೆನ್ನೆಮನ್ನರ ನಿಯಮದಿಂದ ಇದನ್ನು ಅರ್ಥಮಾಡಿಕೊಳ್ಳಬಹುದು. ಆದರೆ ಅದೇ ಪ್ರಯೋಗದಲ್ಲಿ ಒಮ್ಮೆಲೇ ಎತ್ತುವ ಗರಿಷ್ಠ ಬಲ, ಹೆಚ್ಚಿನ ಭಾರ ಎತ್ತಿದ ಕಾಲಿನಲ್ಲೇ ಹೆಚ್ಚು ಬೆಳೆಯಿತು. ದೇಹ ತಾನು ಅಭ್ಯಾಸ ಮಾಡಿದ್ದನ್ನೇ ಕಲಿಯುತ್ತದೆ. ನೂರು ಬೈಠಕ್ಕಿನಿಂದ ಸಾವಿರಕ್ಕೆ ಹೋದವನಿಗೆ ದಮ್ಮು ಬೆಳೆಯುತ್ತದೆ, ಕಾಲು ಗಟ್ಟಿಯಾಗುತ್ತದೆ. ಎದುರಾಳಿಯನ್ನು ಒಂದೇ ಸೆಳೆತಕ್ಕೆ ಮಣ್ಣಿನಿಂದ ಎಬ್ಬಿಸುವ ಬಲ ಅಷ್ಟು ಬೆಳೆಯುವುದಿಲ್ಲ. ತಾಲೀಮಿನ ವ್ಯವಸ್ಥೆಗೆ ಇದು ಗೊತ್ತಿತ್ತೆಂದೇ ನನ್ನ ಎಣಿಕೆ. ದಂಡ ಬೈಠಕ್ಕಿಗೆ ನಿಲ್ಲದೆ ತನಗಿಂತ ಭಾರಿ ಪೈಲ್ವಾನನ ಜೊತೆ ಜೋರ್ ಮಾಡಿಸುವುದು ಇದಕ್ಕೇ: ತೂಕ ಏರಿಸಲು ಅಲ್ಲಿದ್ದ ಸಾಧನ ಜೀವಂತ ಮನುಷ್ಯ, ಯಾರ ಎದುರು ಯಾರನ್ನು ಬಿಡಬೇಕೆಂದು ಹುಡುಗನ ಮೈ ನೋಡಿ ಹೇಳುವವನು ಗುರುವಾದ ವಸ್ತಾದ.

ಎರಡನೇ ಆಕ್ಷೇಪ ಮಾರುಕಟ್ಟೆಯಿಂದ ಬರುತ್ತದೆ. ಸೊಲ್ಲಾಪುರದ ಮಾರ್ಕೆಟ್ ಯಾರ್ಡಿಗೆ ಹಂಗಾಮಿನಲ್ಲಿ ಬಂದು ಬೀಳುವ ಉಳ್ಳಾಗಡ್ಡಿಯ ರಾಶಿಯನ್ನು ಚೀಲ ಚೀಲವಾಗಿ ಹೊತ್ತು ಲಾರಿಗೆ ಹಾಕುವ ಹಮಾಲರು ಯಾವ ಸೂತ್ರವನ್ನೂ ಓದಿದವರಲ್ಲ. ದಿನವಿಡೀ ಭಾರ ಹೊರುವ ಅವರು ವರ್ಷವರ್ಷವೂ ಬಲಿಷ್ಠರಾಗುತ್ತ ಹೋಗಬೇಕಿತ್ತಲ್ಲ? ಹಾಗಾಗುವುದಿಲ್ಲ, ಆಗದಿರುವುದೇ ಈ ಅಧ್ಯಾಯದ ವಾದಕ್ಕೆ ಗಟ್ಟಿ ಸಾಕ್ಷಿ. ಕೆಲಸಕ್ಕೆ ಸೇರಿದ ಮೊದಲ ತಿಂಗಳುಗಳಲ್ಲಿ ಮೈ ಚೀಲದ ತೂಕಕ್ಕೆ ಹೊಂದಿಕೊಳ್ಳುತ್ತದೆ. ಆಮೇಲೆ ಚೀಲ ಅದೇ, ದೂರ ಅದೇ, ಆದ್ದರಿಂದ ಬಲವೂ ಅಲ್ಲೇ ನಿಲ್ಲುತ್ತದೆ. ಏರುವುದು ಚೀಲಗಳ ಸಂಖ್ಯೆ ಮಾತ್ರ; ಅದನ್ನು ಏರಿಸುವುದು ಮಾಲಿನ ಆವಕ ಮತ್ತು ಚೀಲದ ಲೆಕ್ಕದ ಕೂಲಿ. ಹಮಾಲನ ಮೈ ನಿನ್ನೆಯ ದಣಿವಿನಿಂದ ಚೇತರಿಸಿಕೊಂಡಿದೆಯೇ ಎಂದು ಕೇಳುವವರಿಲ್ಲ. ಒಂದೇ ಹೆಗಲು, ಒಂದೇ ಬಾಗು, ರಜ್ಜುವಿಗೂ ಬೆನ್ನಿನ ತಟ್ಟೆಗಳಿಗೂ ಬಿಡುವಿಲ್ಲ. ಹೊರೆ ಇದೆ, ಕ್ರಮವಿಲ್ಲ. ಇಂಥ ದುಡಿಮೆಯನ್ನು ವ್ಯಾಯಾಮವೆಂದು ಕರೆದು, ಅವರ ಮೈ ಉಕ್ಕಿನಂಥದ್ದು ಎಂದು ಹೊಗಳಿ ಸುಮ್ಮನಾಗುವುದು ಅನ್ಯಾಯ. ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ 1967ರ ಶಿಫಾರಸಿನಲ್ಲಿ ವಯಸ್ಕ ಗಂಡಾಳು ಒಬ್ಬನೇ ಹೊರುವ ಭಾರಕ್ಕೆ 55 ಕಿಲೊದ ಮಿತಿ ಹೇಳಿತು; ಮಹಾರಾಷ್ಟ್ರ ಮಾಥಾಡಿ, ಹಮಾಲರಿಗಾಗಿ 1969ರಲ್ಲೇ ಪ್ರತ್ಯೇಕ ಕಾನೂನು ಮಾಡಿತು. ಚೀಲದ ತೂಕ, ಪಾಳಿಗಳ ನಡುವಿನ ಬಿಡುವು ಇವು ಬಲವಿಜ್ಞಾನದ ವಿಷಯಗಳೂ ಹೌದು ಎಂಬುದು ನೀತಿ ರೂಪಿಸುವವರಿಗೆ ತಟ್ಟಬೇಕು. ಕೊಡದ ಮೇಲೆ ಕೊಡ ಇಟ್ಟು ದೂರದಿಂದ ನೀರು ತರುವ, ಬರಪೀಡಿತ ತಾಲೂಕುಗಳ ಹೆಣ್ಣುಮಕ್ಕಳ ಕತ್ತು ಮತ್ತು ಸೊಂಟದ ಕತೆಯೂ ಇದೇ.

ಹೊರೆ ಎಂಬುದು ಹೊರಗಿನ ಅಳತೆಯಲ್ಲ, ಆ ದಿನದ ಮೈಗೆ ಹೋಲಿಸಿದ ಅಳತೆ ಎಂದು ಒಪ್ಪಿದ ಮೇಲೆ ಋತುಮಾನವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಸೊಲ್ಲಾಪುರದ ಬೇಸಿಗೆ 40 ಡಿಗ್ರಿಯನ್ನು ದಾಟುವುದು ವಾಡಿಕೆ. ಅಂಥ ಬಿಸಿಲಿನಲ್ಲಿ ಮೈ ತಂಪಾಗಿಸಲು ರಕ್ತ ಚರ್ಮದ ಕಡೆ ಹರಿಯುತ್ತದೆ, ಬೆವರಿನಲ್ಲಿ ನೀರು ಹೋಗುತ್ತದೆ, ಅದೇ ಕೆಲಸಕ್ಕೆ ಹೃದಯ ಹೆಚ್ಚು ಸಲ ಬಡಿಯುತ್ತದೆ. ಜನವರಿಯ 60 ಕಿಲೊ ಮತ್ತು ಮೇ ತಿಂಗಳ 60 ಕಿಲೊ ಮೈಗೆ ಒಂದೇ ಅಲ್ಲ. ರಂಜಾನ್ ಉಪವಾಸ, ಶ್ರಾವಣದ ಒಪ್ಪತ್ತು, ಹಿಂಗಾರಿ ಜೋಳ ಕೀಳುವ ಸುಗ್ಗಿ, ಕಬ್ಬು ಕಡಿಯುವ ಹಂಗಾಮು ಎಲ್ಲವೂ ಇದೇ ಲೆಕ್ಕಕ್ಕೆ ಬರುತ್ತವೆ. ಜೋಳವನ್ನು ಬೇರುಸಹಿತ ಕಿತ್ತು ದಿನ ಕಳೆದವನ ಮುಷ್ಟಿಗೂ ಬೆನ್ನಿಗೂ ಸಂಜೆ ಜಿಮ್ಮಿನಲ್ಲಿ ಇನ್ನಷ್ಟು ಎಳೆಸುವುದರಲ್ಲಿ ಅರ್ಥವಿಲ್ಲ; ಆ ವಾರಗಳಲ್ಲಿ ಭಾರ ಇಳಿಸಬೇಕು, ಬೇಕಿದ್ದರೆ ಪೂರ್ತಿ ಬಿಡಬೇಕು. ಬಿಟ್ಟರೆ ಎಲ್ಲ ಕಳೆದುಹೋಗುತ್ತದೆ ಎಂಬ ಭಯಕ್ಕೆ ಆಧಾರ ಕಡಿಮೆ. ನಾರ್ವೆಯ ಸಂಶೋಧಕರು 2010ರಲ್ಲಿ ಇಲಿಗಳಲ್ಲಿ ತೋರಿಸಿದಂತೆ, ಹೊರೆಯಿಂದ ಬೆಳೆದ ತಂತುಗಳು ಗಳಿಸಿದ ಹೆಚ್ಚುವರಿ ಕೋಶಕೇಂದ್ರಗಳು ಸ್ನಾಯು ಸೊರಗಿದ ಮೇಲೂ ಬಹುಕಾಲ ಉಳಿದಿದ್ದವು. ಮನುಷ್ಯರಲ್ಲಿ ಇದು ಎಷ್ಟರಮಟ್ಟಿಗೆ ನಿಜ ಎಂಬ ಚರ್ಚೆ ನಡೆದಿದೆ. ಒಮ್ಮೆ ಗಳಿಸಿದ ಬಲ ಎರಡನೇ ಸಲ ಬೇಗ ಮರಳುತ್ತದೆ ಎಂಬುದು ಮಾತ್ರ ಅಭ್ಯಾಸಿಗಳೆಲ್ಲರ ಅನುಭವ. ಹಂಗಾಮು ಮುಗಿದ ಮೇಲೆ ಹಳೆಯ ಭಾರಕ್ಕೆ ಒಮ್ಮೆಲೇ ಹಾರದೆ, ಅದರ ಅರ್ಧ ಮುಕ್ಕಾಲಿನಿಂದ ಶುರುಮಾಡಿ ಕೆಲವು ವಾರಗಳಲ್ಲಿ ಮರಳುವುದು ಸರಿಯಾದ ದಾರಿ.

ಖುರಾಕಿನ ಪ್ರಶ್ನೆಯನ್ನು ಇಲ್ಲಿ ಬೇಗ ಮುಗಿಸಬಹುದು. ಜೋಳದ ರೊಟ್ಟಿ ತಿಂದು ಬಲ ಬೆಳೆಯುವುದಿಲ್ಲ, ಡಬ್ಬದ ಪುಡಿ ಬೇಕೇ ಬೇಕು ಎಂಬ ಮಾತು ಜಿಮ್ಮುಗಳಲ್ಲಿ ಹರಡಿದೆ. ಸೊಲ್ಲಾಪುರ ಜಿಲ್ಲೆಯ ಮೋಹೋಳದಲ್ಲಿ ಆಯ್ಕೆಯಾಗಿ ಪ್ರಸಿದ್ಧವಾದ ಮಾಲದಂಡಿಯೂ ಸೇರಿ, ಜೋಳದಲ್ಲಿ 100 ಗ್ರಾಂಗೆ ಸುಮಾರು 10 ಗ್ರಾಂ ಪ್ರೋಟೀನ್ ಇರುತ್ತದೆ. ಲೈಸಿನ್ ಎಂಬ ಅಂಶ ಅದರಲ್ಲಿ ಕಡಿಮೆ, ತೊಗರಿಬೇಳೆಯಲ್ಲಿ ಧಾರಾಳ. ರೊಟ್ಟಿಯ ಜೊತೆ ಬೇಳೆ, ಹಾಲು, ಮೊಸರು ಅಥವಾ ಮೊಟ್ಟೆ ಸೇರಿದರೆ ಕೊರತೆ ತುಂಬುತ್ತದೆ. ಭಾರತದ ರಾಷ್ಟ್ರೀಯ ಪೋಷಣ ಸಂಸ್ಥೆ ಸಾಮಾನ್ಯ ವಯಸ್ಕರಿಗೆ ದೇಹತೂಕದ ಕಿಲೊಗೆ ದಿನಕ್ಕೆ 0.83 ಗ್ರಾಂ ಪ್ರೋಟೀನ್ ಹೇಳುತ್ತದೆ. 60 ಕಿಲೊದವನಿಗೆ ಅದು 50 ಗ್ರಾಂ. ಬಲದ ಅಭ್ಯಾಸ ಮಾಡುವವರಿಗೆ ಕಿಲೊಗೆ 1.6 ಗ್ರಾಂ ದಾಟಿದ ಮೇಲೆ ಸಿಗುವ ಲಾಭ ಅತ್ಯಲ್ಪ ಎಂದು ಹಲವು ಪ್ರಯೋಗಗಳನ್ನು ಒಟ್ಟುಗೂಡಿಸಿದ 2018ರ ವಿಶ್ಲೇಷಣೆ ಹೇಳಿತು. ಅದೇ ಮನುಷ್ಯನಿಗೆ ಅದು 96 ಗ್ರಾಂ. ಅಷ್ಟು ಊಟದಿಂದಲೇ ಸಿಗುವುದಾದರೆ ಪುಡಿಯ ಅಗತ್ಯವಿಲ್ಲ.

ಉಳಿದ ಆಕ್ಷೇಪ ವಯಸ್ಸಿನದ್ದು. ಬಹಳ ಜನರ ಬದುಕನ್ನು ಮುಟ್ಟುವುದು ಇದೇ. ಹೊರೆ ಏರಿಸುವುದು ಹರೆಯದ ಗಂಡುಮಕ್ಕಳ ಕೆಲಸ, ಅರವತ್ತು ದಾಟಿದವರು, ಅದರಲ್ಲೂ ಹೆಂಗಸರು ನಡೆದಾಡಿಕೊಂಡಿದ್ದರೆ ಸಾಕು ಎಂದು ನಮ್ಮ ಮನೆಗಳು ನಂಬಿವೆ. ಅಮೆರಿಕದ ಬಾಸ್ಟನ್ನಿನಲ್ಲಿ ಮಾರಿಯಾ ಫಿಯಾಟರೋನೆ ಮತ್ತು ಸಂಗಡಿಗರು 1990ರಲ್ಲಿ ಪ್ರಕಟಿಸಿದ ಪ್ರಯೋಗ ಈ ನಂಬಿಕೆಯನ್ನು ಅಲುಗಾಡಿಸಿತು. ವೃದ್ಧಾಶ್ರಮದ 10 ಜನ ದುರ್ಬಲ ವೃದ್ಧರು, ಸರಾಸರಿ ವಯಸ್ಸು 90. ಅವರವರ ಗರಿಷ್ಠ ಬಲಕ್ಕೆ ತಕ್ಕಂತೆ ಭಾರ ನಿಗದಿಮಾಡಿ, ಬಲ ಏರಿದಂತೆ ಭಾರ ಏರಿಸುತ್ತ 8 ವಾರ ಕಾಲಿನ ವ್ಯಾಯಾಮ ಮಾಡಿಸಿದರು. ಪೂರ್ತಿ ಮುಗಿಸಿದವರ ಬಲ ಸರಾಸರಿ ಶೇಕಡಾ 174ರಷ್ಟು ಹೆಚ್ಚಿತು. 1994ರಲ್ಲಿ 100 ಜನರ ಮೇಲೆ ನಡೆದ ದೊಡ್ಡ ಪ್ರಯೋಗವೂ ಇದನ್ನು ಎತ್ತಿಹಿಡಿಯಿತು. ನಡಿಗೆಯ ವೇಗ ಹೆಚ್ಚಿತು, ಮೆಟ್ಟಿಲು ಹತ್ತುವ ಶಕ್ತಿ ಹೆಚ್ಚಿತು. ಮುಟ್ಟು ನಿಂತ, ಎಲುಬು ಸವೆದ 101 ಹೆಂಗಸರ ಮೇಲೆ ಆಸ್ಟ್ರೇಲಿಯಾದಲ್ಲಿ ನಡೆದು 2018ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ತಜ್ಞರ ಕಣ್ಣೆದುರು 8 ತಿಂಗಳು ಭಾರಿ ತೂಕ ಎತ್ತಿದವರ ಬೆನ್ನೆಲುಬಿನ ಸಾಂದ್ರತೆ ಏರಿತು, ಮನೆಯಲ್ಲಿ ಹಗುರ ವ್ಯಾಯಾಮ ಮಾಡಿದವರದ್ದು ಇಳಿಯಿತು. ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ವಾರಕ್ಕೆ ಕನಿಷ್ಠ ಎರಡು ದಿನ ಸ್ನಾಯು ಬಲಪಡಿಸುವ ವ್ಯಾಯಾಮ ಹೇಳಿದಾಗ ವೃದ್ಧರನ್ನು ಹೊರಗಿಡಲಿಲ್ಲ.

ರಕ್ತದೊತ್ತಡ, ಹೃದಯ, ಮೊಣಕಾಲಿನ ತೊಂದರೆ ಇರುವವರು ವೈದ್ಯರನ್ನು ಕೇಳಿಯೇ ಶುರುಮಾಡಬೇಕು, ಉಸಿರು ಬಿಗಿಹಿಡಿಯಬಾರದು, ಹತ್ತಿರ ಒಬ್ಬರು ಇರಬೇಕು. ದುಧನಿ, ಮೈಂದರ್ಗಿಯಂಥ ಊರಿನ ಮನೆಯಲ್ಲಿ ಜಿಮ್ಮೂ ತಜ್ಞರೂ ಇಲ್ಲದಿರಬಹುದು, ಹೊರೆಯನ್ನು ಅಳೆದು ಏರಿಸಲು ಅವೆರಡೂ ಇರಲೇಬೇಕೆಂದಿಲ್ಲ. ಗೋಡೆಗೆ ಒತ್ತಿ ಗಟ್ಟಿಯಾದ ಒಂದು ಕುರ್ಚಿ ಇಡಬೇಕು. ಅದರಿಂದ ಕೈಯೂರದೆ ಏಳಲಾಗದ ಅಜ್ಜಿಗೆ ಮಡಚಿದ ಮೂರು ನಾಲ್ಕು ದಪ್ಪ ಚಾದರಗಳನ್ನು ಕುರ್ಚಿಯ ಮೇಲೆ ಹಾಸಿ ಕೂರುವ ಜಾಗ ಎತ್ತರಿಸಬೇಕು. ಎತ್ತರದಿಂದ ಏಳುವಾಗ ಮೊಣಕಾಲು ಕಡಿಮೆ ಮಡಚುತ್ತದೆ, ತೊಡೆಗೆ ಬೀಳುವ ಹೊರೆ ಇಳಿಯುತ್ತದೆ. ಮೈತೂಕ ಅಷ್ಟೇ ಇದ್ದರೂ ಕೆಲಸ ಹಗುರಾಗುತ್ತದೆ. ದಿನ ಬಿಟ್ಟು ದಿನ, ನಡುವೆ ಸುಧಾರಿಸಿಕೊಂಡು, ಎರಡು ಮೂರು ಸರದಿ. ಸತತ ಎರಡು ಸಲದ ಅಭ್ಯಾಸದಲ್ಲಿ ಹತ್ತು ಬಾರಿ ಕೈಯೂರದೆ ಏಳಲು ಬಂದರೆ ಒಂದು ಚಾದರ ತೆಗೆಯಬೇಕು. ಮಾರನೆಯ ದಿನ ಮೊಣಕಾಲು ನೊಂದರೆ ಅದನ್ನು ಮತ್ತೆ ಹಾಸಬೇಕು. ಚಾದರಗಳೆಲ್ಲ ಮುಗಿದ ಮೇಲೆ ಎದೆಗೊತ್ತಿ ಹಿಡಿಯಲು ಒಂದು ಲೀಟರ್ ನೀರಿನ ಬಾಟಲಿ.